ಪೈಪ್‌ಗಳ ವಿದ್ಯುತ್ ಹೀಟ್ ಟ್ರೇಸಿಂಗ್ ಮತ್ತು ಸುರಕ್ಷತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಣಂಬೂರು, ಬೈಕಂಪಾಡಿ, ಕುತ್ತೆತ್ತೂರಿನಿಂದ ಹಿಡಿದು ಉಡುಪಿ ಜಿಲ್ಲೆಯ ನಂದಿಕೂರಿನವರೆಗೆ ಕಾರ್ಖಾನೆಗಳಲ್ಲಿ ದುಡಿಯುವ ಎಲೆಕ್ಟ್ರಿಷಿಯನ್‌ಗಳು, ಸೂಪರ್‌ವೈಸರ್‌ಗಳು, ಇನ್ಸುಲೇಷನ್ ಕೆಲಸದವರು ಮತ್ತು ಸಣ್ಣ ಘಟಕಗಳ ಮಾಲೀಕರಿಗಾಗಿ ಇದನ್ನು ಬರೆದಿದ್ದೇನೆ. ಒಳಗಿನ ದ್ರವ ಗಟ್ಟಿಯಾಗದಂತೆ ಪೈಪ್‌ಗೆ ವಿದ್ಯುತ್ ಕೇಬಲ್‌ನಿಂದ ಬಿಸಿ ಕೊಡುವುದೇ ಹೀಟ್ ಟ್ರೇಸಿಂಗ್. ಈ ವಿಷಯದ ಕೈಪಿಡಿಗಳಲ್ಲಿ ಹೆಚ್ಚಿನವು ಹಿಮ ಬೀಳುವ ದೇಶಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡವು. ನಮಗೆ ಎದುರಾಗುವುದು ಹಿಮವಲ್ಲ, ಮಳೆ ಮತ್ತು ಉಪ್ಪುಗಾಳಿ. ಆದ್ದರಿಂದ ಇಲ್ಲಿ ಕೆಲವು ಉತ್ತರಗಳು ಉದ್ದವಾಗಿವೆ, ಕೆಲವು ಎರಡೇ ಸಾಲಿನಲ್ಲಿ ಮುಗಿಯುತ್ತವೆ.

ಮಂಗಳೂರಿನಂಥ ಸೆಕೆಯ ಊರಿನಲ್ಲಿ ಪೈಪ್‌ಗೆ ಬಿಸಿ ಏಕೆ ಬೇಕು?

ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ನಿಜ. ಆದರೆ ನಮ್ಮ ಪೈಪ್‌ಗಳಲ್ಲಿ ಹರಿಯುವುದು ನೀರು ಮಾತ್ರವಲ್ಲ. ಡಾಂಬರು 130 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ಮಾತ್ರ ಪಂಪ್‌ಗೆ ಸಲೀಸಾಗಿ ಬರುತ್ತದೆ. ಸಂಸ್ಕರಣಾಗಾರದ ದ್ರವ ಗಂಧಕ ಸುಮಾರು 119 ಡಿಗ್ರಿಗಿಂತ ಕೆಳಗಿಳಿದರೆ ಕಲ್ಲಾಗುತ್ತದೆ; ಹಾಗೆಂದು 160 ಡಿಗ್ರಿ ದಾಟಿಸಿದರೆ ಇದ್ದಕ್ಕಿದ್ದಂತೆ ಮಂದವಾಗಿ ಪಂಪ್‌ಗೆ ಒಗ್ಗುವುದಿಲ್ಲ. ನವಮಂಗಳೂರು ಬಂದರಿಗೆ ಹಡಗಿನಲ್ಲಿ ಬರುವ ತಾಳೆ ಎಣ್ಣೆಯ ಸ್ಟಿಯರಿನ್ ಭಾಗ ನಮ್ಮ ಏಪ್ರಿಲ್ ತಿಂಗಳ ಸೆಕೆಗೂ ಗಟ್ಟಿಯಾಗಿಯೇ ಉಳಿಯುತ್ತದೆ. ಫರ್ನೇಸ್ ಆಯಿಲ್, ಮೇಣ, ಮೇಣದ ಅಂಶ ಹೆಚ್ಚಿರುವ ಕಚ್ಚಾ ತೈಲ, ಎಲ್ಲದರ ಕಥೆಯೂ ಇದೇ. ರಾಜಸ್ಥಾನದ ಬಾರ್ಮೇರ್‌ನಿಂದ ಗುಜರಾತಿನ ಕರಾವಳಿಗೆ ಕಚ್ಚಾ ತೈಲ ಒಯ್ಯುವ ಕೊಳವೆ ಮಾರ್ಗವನ್ನು ಮರುಭೂಮಿಯ ಬಿಸಿಲಿನಲ್ಲಿಯೂ ವಿದ್ಯುತ್ತಿನಿಂದ ಬಿಸಿ ಮಾಡಲಾಗುತ್ತದೆ. ಹೊರಗಿನ ಸೆಕೆ ಎಷ್ಟೇ ಇರಲಿ, ಒಳಗಿನ ದ್ರವಕ್ಕೆ ಅದು ಸಾಲದು.

ಇದು ಕೆಲಸ ಮಾಡುವುದು ಹೇಗೆ?

ಪೈಪ್‌ನ ಮೈಗೆ ತಾಪನ ಕೇಬಲ್ ಅಂಟಿಸಿ, ಅದರ ಮೇಲೆ ರಾಕ್‌ವೂಲ್ ಅಥವಾ ಬೇರೆ ನಿರೋಧಕ ಹೊದಿಸಿ, ಹೊರಗಡೆ ಅಲ್ಯೂಮಿನಿಯಂ ತಗಡು ಮುಚ್ಚುತ್ತಾರೆ. ಕೇಬಲ್ ಕೊಡುವ ಶಾಖವು ಪೈಪ್ ಕಳೆದುಕೊಳ್ಳುವ ಶಾಖಕ್ಕೆ ಸಮವಾದರೆ ಸಾಕು. ದ್ರವವನ್ನು ಹೊಸದಾಗಿ ಕಾಯಿಸುವುದು ಸಾಮಾನ್ಯವಾಗಿ ಇದರ ಕೆಲಸವಲ್ಲ.

ಕೇಬಲ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಸೆಲ್ಫ್ ರೆಗ್ಯುಲೇಟಿಂಗ್ ಕೇಬಲ್‌ನಲ್ಲಿ ಎರಡು ತಾಮ್ರದ ತಂತಿಗಳ ನಡುವೆ ಇಂಗಾಲ ಬೆರೆಸಿದ ಪಾಲಿಮರ್ ಇರುತ್ತದೆ. ಬಿಸಿಯಾದಂತೆ ಅದರ ರೋಧ ಹೆಚ್ಚಿ, ಶಾಖ ತಾನಾಗಿ ತಗ್ಗುತ್ತದೆ. ಸ್ಥಿರ ವಾಟ್ ಕೇಬಲ್ ಪೈಪ್ ಬಿಸಿಯಿರಲಿ ತಣ್ಣಗಿರಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದ ಶಾಖ ಕೊಡುತ್ತದೆ. ಮೂರನೆಯದು ಲೋಹದ ಕೊಳವೆಯೊಳಗೆ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿದ ಖನಿಜ ನಿರೋಧಕ ಕೇಬಲ್. ಹೆಚ್ಚು ಉಷ್ಣತೆಯ ಜಾಗಗಳಿಗೆ ಇದು ಬೇಕು. ಈ ಪುಡಿ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಕರಾವಳಿಯಲ್ಲಿ ಅದರ ತುದಿ ಕತ್ತರಿಸಿ ಹಾಗೆಯೇ ಬಿಟ್ಟು ಊಟಕ್ಕೆ ಹೋಗುವಂತಿಲ್ಲ. ಕತ್ತರಿಸಿದ ಕೂಡಲೇ ಸೀಲ್ ಮಾಡಬೇಕು.

ಸೆಲ್ಫ್ ರೆಗ್ಯುಲೇಟಿಂಗ್ ಕೇಬಲ್ ತನ್ನನ್ನು ತಾನೇ ನಿಯಂತ್ರಿಸಿಕೊಳ್ಳುತ್ತದೆ. ಮತ್ತೆ ಬೇರೆ ರಕ್ಷಣೆ ಏಕೆ?

ಅದು ನಿಯಂತ್ರಿಸುವುದು ತನ್ನ ಶಾಖವನ್ನು ಮಾತ್ರ. ಹೊರಕವಚ ಸೀಳಿ ನೀರು ಒಳಹೊಕ್ಕರೆ, ತಗಡಿನ ಸ್ಕ್ರೂ ತಂತಿಗೆ ತಾಗಿದರೆ ಅಥವಾ ತುದಿಯ ಸೀಲ್ ಬಿರಿದರೆ ಆ ಗುಣ ಯಾವ ಸಹಾಯಕ್ಕೂ ಬರುವುದಿಲ್ಲ. ಈ ತಪ್ಪು ತಿಳಿವಳಿಕೆಯಿಂದಲೇ ಭೂಸೋರಿಕೆ ರಕ್ಷಣೆಯನ್ನು (ನೆಲಕ್ಕೆ ಸೋರುವ ವಿದ್ಯುತ್ತನ್ನು ಗುರುತಿಸಿ ಸರ್ಕ್ಯೂಟ್ ಕಡಿಯುವ ಆರ್‌ಸಿಸಿಬಿಯನ್ನು) ಕೈಬಿಟ್ಟ ಪ್ಯಾನೆಲ್‌ಗಳು ಇವೆ. ಹಾಗೆ ಮಾಡಬಾರದು.

ಜೂನ್ ಬಂದರೆ ಸಾಕು, ಆರ್‌ಸಿಸಿಬಿ ಟ್ರಿಪ್ ಆಗುತ್ತಲೇ ಇರುತ್ತದೆ. ಉತ್ಪಾದನೆ ನಿಲ್ಲುತ್ತದೆ. ಸದ್ಯಕ್ಕೆ ಬೈಪಾಸ್ ಮಾಡಬಹುದೇ?

ಮಾಡಬಾರದು. ನನ್ನ ಮುಂದೆ ಬರುವ ಪ್ರಶ್ನೆಗಳಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ಮೀಟರ್‌ಗೆ 30 ವಾಟ್ ಕೊಡುವ ಕೇಬಲ್ 100 ಮೀಟರ್ ಉದ್ದವಿದ್ದರೆ 3 ಕಿಲೋವಾಟ್ ಆಯಿತು; 230 ವೋಲ್ಟ್‌ನಲ್ಲಿ ಸುಮಾರು 13 ಆಂಪಿಯರ್. ಆರಂಭದ ಹೆಚ್ಚುವರಿ ವಿದ್ಯುತ್ತನ್ನೂ ಲೆಕ್ಕಕ್ಕೆ ಹಿಡಿದು 32 ಆಂಪಿಯರ್ ಎಂಸಿಬಿ (ವಿದ್ಯುತ್ ಮಿತಿ ಮೀರಿದರೆ ಕಡಿಯುವ ಬ್ರೇಕರ್) ಹಾಕಿರುತ್ತಾರೆ ಎನ್ನಿ. ಈಗ ಮಳೆನೀರು ಸೇರಿದ ಒಂದು ತುದಿಯಲ್ಲಿ 2 ಆಂಪಿಯರ್ ಸೋರಿಕೆ ಶುರುವಾಗುತ್ತದೆ. ಎಂಸಿಬಿಯ ಕಣ್ಣಿಗೆ ಅದು ಬೀಳುವುದೇ ಇಲ್ಲ. ಆದರೆ 230 ವೋಲ್ಟ್‌ನಲ್ಲಿ 2 ಆಂಪಿಯರ್ ಎಂದರೆ 460 ವಾಟ್. ಅಷ್ಟು ಶಾಖ ಬೆರಳುದ್ದದ ಜಾಗದಲ್ಲಿ ಒಟ್ಟುಗೂಡಿದರೆ ಪಾಲಿಮರ್ ಸುಡುತ್ತದೆ, ಸುಟ್ಟ ಇಂಗಾಲ ಇನ್ನಷ್ಟು ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ, ಸಣ್ಣ ಕಿಡಿ ಕೇಬಲ್ ಉದ್ದಕ್ಕೂ ತೆವಳುತ್ತಾ ಹೋಗುತ್ತದೆ. ತಗಡಿನ ಒಳಗೆ ನಡೆಯುವ ಈ ದಹನ ಹೊಗೆ ಹೊರಬರುವವರೆಗೆ ಯಾರಿಗೂ ಕಾಣುವುದಿಲ್ಲ. ಇದನ್ನು ಮೊದಲ ಹಂತದಲ್ಲೇ ತಡೆಯಲು ಇರುವುದು 30 ಮಿಲಿ ಆಂಪಿಯರ್‌ನ ಭೂಸೋರಿಕೆ ರಕ್ಷಣೆ. ಅದನ್ನು ಬೈಪಾಸ್ ಮಾಡಿದವರು ಬೆಂಕಿ ಮತ್ತು ಜನರ ನಡುವಿನ ತಡೆಯನ್ನೇ ಕಿತ್ತಂತಾಯಿತು.

ಕೆಲವು ಉದ್ದದ ಸರ್ಕ್ಯೂಟ್‌ಗಳಲ್ಲಿ ಕೇಬಲ್‌ನ ಸ್ವಾಭಾವಿಕ ಧಾರಣೆಯಿಂದಲೇ (ಕೆಪಾಸಿಟನ್ಸ್) ಸ್ವಲ್ಪ ಸೋರಿಕೆ ತೋರುತ್ತದೆ ಎಂಬುದು ನಿಜ. ಅಂಥಲ್ಲಿ ಆ ಸ್ವಾಭಾವಿಕ ಸೋರಿಕೆಯನ್ನು ಅಳೆದು, ಅದರ ಮೇಲೆ 30 ಮಿಲಿ ಆಂಪಿಯರ್‌ಗೆ ಹೊಂದಿಸಬಲ್ಲ ನಿಯಂತ್ರಕ ಹಾಕಲು ಅಂತರರಾಷ್ಟ್ರೀಯ ಮಾನದಂಡವೇ ಅವಕಾಶ ಕೊಟ್ಟಿದೆ. ಇಲ್ಲವೇ ಸರ್ಕ್ಯೂಟನ್ನು ಎರಡು ತುಂಡು ಮಾಡಿ. ಆದರೆ ಬೇಸಿಗೆಯಲ್ಲಿ ಸುಮ್ಮನಿದ್ದು ಮಳೆಗಾಲದಲ್ಲಿ ಮಾತ್ರ ಟ್ರಿಪ್ ಆಗುವ ಸರ್ಕ್ಯೂಟಿಗೆ ಈ ಸಬೂಬು ಹೊಂದುವುದಿಲ್ಲ. ಅಲ್ಲಿ ಎಲ್ಲೋ ನೀರು ಒಳಗೆ ಹೋಗಿದೆ. ಹುಡುಕಬೇಕು.

ಉತ್ಪಾದನೆ ನಿಲ್ಲುವ ಆತಂಕ ನನಗೆ ಅರ್ಥವಾಗುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬನೇ ಇರುವ ಎಲೆಕ್ಟ್ರಿಷಿಯನ್ ಮೇಲೆ ಬೀಳುವ ಒತ್ತಡವೂ ಅರ್ಥವಾಗುತ್ತದೆ. ಅದಕ್ಕಾಗಿಯೇ ಬೈಪಾಸ್ ಮಾಡುವಂತಿಲ್ಲ ಎಂಬುದನ್ನು ಆಡಳಿತ ಲಿಖಿತವಾಗಿ ಹೇಳಬೇಕು. ಆಗ ಆ ಹುಡುಗನಿಗೆ ‘ಇಲ್ಲ’ ಎನ್ನಲು ಆಧಾರವಿರುತ್ತದೆ.

ಅಷ್ಟೊಂದು ಮುಚ್ಚಿದ ಮೇಲೂ ನೀರು ಎಲ್ಲಿಂದ ಬರುತ್ತದೆ?

ತಗಡಿನ ಕೀಲುಗಳಿಂದ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಗಾಳಿಯ ಜತೆ ಅಡ್ಡಲಾಗಿ. ಹಂಚಿನ ಮಾಡಿನಲ್ಲಿ ಮೇಲಿನ ಹಂಚು ಕೆಳಗಿನದರ ಮೇಲೆ ಕುಳಿತಿರುವಂತೆ ತಗಡಿನ ಹಾಳೆಗಳೂ ನೀರು ಇಳಿದುಹೋಗುವ ದಿಕ್ಕಿಗೆ ಒಂದರ ಮೇಲೊಂದು ಬರಬೇಕು. ಅಡ್ಡ ಪೈಪ್‌ನಲ್ಲಿ ಉದ್ದದ ಕೀಲು ನೆತ್ತಿಯ ಮೇಲೆ ಬರದೆ ಪಕ್ಕದಲ್ಲಿ, ಬಾಯಿ ಕೆಳಕ್ಕೆ ಮಾಡಿಕೊಂಡಿರಬೇಕು. ವಾಲ್ವ್, ಸಪೋರ್ಟ್, ಗೇಜ್‌ಗಳ ಬಳಿ ತಗಡು ಕತ್ತರಿಸಿದ ಪ್ರತಿ ಅಂಚಿಗೂ ಸೀಲಂಟ್ ಬೇಕು. ಅದು ಬಿಸಿಲಿಗೆ ಒಡೆಯುತ್ತದೆ, ಆದ್ದರಿಂದ ವರ್ಷವೂ ನೋಡಬೇಕು. ಇನ್ನು ಜನ: ಪೈಪ್ ಮೇಲೆ ಕಾಲಿಟ್ಟು ನಡೆಯುವವರಿಂದ ತಗಡು ತಗ್ಗಾಗಿ ಕೀಲು ತೆರೆದುಕೊಳ್ಳುತ್ತದೆ. ಹತ್ತಿ ಹೋಗಲು ಬೇರೆ ದಾರಿ ಮಾಡಿಕೊಡದೆ ಅವರನ್ನು ಬೈದು ಪ್ರಯೋಜನವಿಲ್ಲ.

ಎರಡನೆಯ ದಾರಿ ಜಂಕ್ಷನ್ ಬಾಕ್ಸ್. ಬಿಸಿಯಾಗಿದ್ದ ಬಾಕ್ಸ್ ಮೇಲೆ ಮಳೆ ಬಿದ್ದು ಒಳಗಿನ ಗಾಳಿ ಕುಗ್ಗಿದಾಗ, ಕೇಬಲ್ ಒಳಹೋಗುವ ಕಡೆಯ ಸಡಿಲ ಗ್ಲ್ಯಾಂಡ್ ಮೂಲಕ ಹೊರಗಿನ ತೇವವನ್ನು ಅದು ಒಳಗೆಳೆಯುತ್ತದೆ. ಕೇಬಲ್ ಪ್ರವೇಶ ಕೆಳಗಿನಿಂದ ಇರಲಿ, ಬಳಸದ ರಂಧ್ರಗಳಿಗೆ ಸರಿಯಾದ ಪ್ಲಗ್ ಇರಲಿ. ಚಿಂದಿ ಬಟ್ಟೆ, ಎಂಸೀಲ್ ತುರುಕುವುದು ಪ್ಲಗ್ ಆಗುವುದಿಲ್ಲ.

ನೆನೆದ ರಾಕ್‌ವೂಲ್ ಶಾಖವನ್ನು ತಡೆಯುವುದಿಲ್ಲ. ಪೈಪ್ ತಣ್ಣಗಾಗುತ್ತದೆ, ಕೇಬಲ್ ದಿನವಿಡೀ ಪೂರ್ತಿ ದುಡಿಯುತ್ತದೆ. ಅದೇ ತೇವ ಒಳಗೊಳಗೇ ಉಕ್ಕಿನ ಪೈಪನ್ನು ತಿನ್ನುತ್ತದೆ. ಉಪ್ಪಿನ ಕ್ಲೋರೈಡ್ ಸೇರಿದರೆ ಸ್ಟೇನ್‌ಲೆಸ್ ಸ್ಟೀಲ್ ಕೂಡ ಬಿಸಿಯಲ್ಲಿ ಸೀಳುತ್ತದೆ. ಹೀಗಾಗಿ ನಮ್ಮಲ್ಲಿ ಈ ವ್ಯವಸ್ಥೆಯ ವಿದ್ಯುತ್ ಸುರಕ್ಷತೆ ಅರ್ಧಕ್ಕರ್ಧ ತಗಡಿನ ಕೆಲಸದವನ ಕೈಯಲ್ಲಿದೆ. ಗುತ್ತಿಗೆಯಲ್ಲಿ ಅವನ ಕೆಲಸವನ್ನು ಚದರ ಮೀಟರ್ ಲೆಕ್ಕದಲ್ಲಿ ಅತಿ ಕಡಿಮೆ ದರಕ್ಕೆ ಕೊಡುವ ಪದ್ಧತಿ ನಿಲ್ಲಬೇಕು.

ಆರ್‌ಸಿಸಿಬಿ ಅಲ್ಲ, ಎಂಸಿಬಿಯೇ ಚಾಲೂ ಮಾಡಿದ ಕೂಡಲೇ ಬೀಳುತ್ತದೆ. ಏಕೆ?

ಸೆಲ್ಫ್ ರೆಗ್ಯುಲೇಟಿಂಗ್ ಕೇಬಲ್ ತಣ್ಣಗಿರುವಾಗ ಮೊದಲ ಕೆಲವು ನಿಮಿಷ ಹೆಚ್ಚು ವಿದ್ಯುತ್ ಎಳೆಯುತ್ತದೆ. ಹಿಮ ಪ್ರದೇಶದ ಲೆಕ್ಕಕ್ಕೆ ಹೋಲಿಸಿದರೆ ನಮ್ಮಲ್ಲಿ ಇದು ಸೌಮ್ಯ, ಏಕೆಂದರೆ ಇಲ್ಲಿ ಚಳಿ ಎಂದರೆ 18–20 ಡಿಗ್ರಿ. ಆದರೂ ಬೀಳುತ್ತಿದೆ ಎಂದರೆ ಒಂದೋ ತಯಾರಕರು ಹೇಳಿದ ಗರಿಷ್ಠ ಉದ್ದ ಮೀರಿದೆ, ಇಲ್ಲವೇ ಬ್ರೇಕರ್‌ನ ಬಗೆ ತಪ್ಪಾಗಿದೆ, ಇಲ್ಲವೇ ಶಾರ್ಟ್ ಆಗಿದೆ. 32ರ ಜಾಗದಲ್ಲಿ 63 ಹಾಕುವುದು ಪರಿಹಾರವಲ್ಲ.

ಕೇಬಲ್‌ನ ಕೊನೆಯಲ್ಲಿ ಎರಡು ತಂತಿಗಳನ್ನು ಸೇರಿಸಬೇಕಲ್ಲವೇ?

ಸೆಲ್ಫ್ ರೆಗ್ಯುಲೇಟಿಂಗ್ ಕೇಬಲ್‌ನಲ್ಲಿ ಖಂಡಿತ ಸೇರಿಸಬಾರದು. ಸರ್ಕ್ಯೂಟ್ ಪೂರ್ಣವಾಗಬೇಕು ಎಂಬ ಅಭ್ಯಾಸದಿಂದ ಒಳ್ಳೆಯ ವೈರ್‌ಮನ್‌ಗಳೂ ಇಲ್ಲಿ ಎಡವುತ್ತಾರೆ. ಎರಡು ತಂತಿಗಳ ನಡುವಿನ ಪಾಲಿಮರ್ ಉದ್ದಕ್ಕೂ ವಿದ್ಯುತ್ ಹರಿಸುತ್ತದೆ. ತುದಿಯಲ್ಲಿ ಸೇರಿಸಿದರೆ ನೇರ ಶಾರ್ಟ್. ತುದಿಯನ್ನು ಅದೇ ತಯಾರಕರ ಎಂಡ್ ಸೀಲ್‌ನಿಂದ ಮುಚ್ಚಬೇಕು. ಇನ್ಸುಲೇಷನ್ ಟೇಪ್ ಸುತ್ತಿ ಬಿಟ್ಟರೆ ಮೊದಲ ಮಳೆಗೇ ಅದರ ಬಣ್ಣ ಬಯಲಾಗುತ್ತದೆ.

ಕೇಬಲ್ ಒಂದರ ಮೇಲೊಂದು ಹಾದುಹೋಗಬಹುದೇ?

ಸೆಲ್ಫ್ ರೆಗ್ಯುಲೇಟಿಂಗ್ ಆದರೆ ತಯಾರಕರು ಅನುಮತಿಸಿದಂತೆ ಹಾದುಹೋಗಬಹುದು. ಸ್ಥಿರ ವಾಟ್ ಮತ್ತು ಖನಿಜ ನಿರೋಧಕ ಕೇಬಲ್‌ಗಳು ಎಂದಿಗೂ ಹಾದುಹೋಗಬಾರದು. ಆ ಬಿಂದುವಿನಲ್ಲಿ ಸುಡುತ್ತವೆ. ಬದಲಾಯಿಸುವಾಗ ‘ನೋಡಲು ಹಾಗೆಯೇ ಇದೆ’ ಎಂದು ಬೇರೆ ಬಗೆಯ ಕೇಬಲ್ ಹಾಕುವುದೂ ಇದೇ ಕಾರಣಕ್ಕೆ ಅಪಾಯ.

ಮೆಗ್ಗರ್ ಪರೀಕ್ಷೆ (ಕೇಬಲ್‌ನ ವಿದ್ಯುತ್ ನಿರೋಧಕ ಪದರದ ರೋಧ ಅಳೆಯುವುದು) ಯಾವಾಗ, ಎಷ್ಟು ವೋಲ್ಟ್‌ನಲ್ಲಿ?

ಕೇಬಲ್ ಸುರುಳಿ ಸ್ಟೋರ್‌ಗೆ ಬಂದಾಗ ಒಮ್ಮೆ, ಪೈಪ್‌ಗೆ ಕಟ್ಟಿದ ಮೇಲೆ ಒಮ್ಮೆ, ರಾಕ್‌ವೂಲ್ ಮತ್ತು ತಗಡು ಹೊದಿಸಿದ ಮೇಲೆ ಒಮ್ಮೆ, ವಿದ್ಯುತ್ ಕೊಡುವ ಮುನ್ನ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ. ಮೂರನೆಯದನ್ನು ಬಿಟ್ಟುಬಿಡುವವರೇ ಹೆಚ್ಚು, ಆದರೆ ತಗಡಿನ ಸ್ಕ್ರೂ ಕೇಬಲ್‌ಗೆ ಹೊಕ್ಕಿದೆಯೇ ಎಂದು ತಿಳಿಯುವುದು ಅಲ್ಲಿಯೇ. ಪಾಲಿಮರ್ ಕೇಬಲ್‌ಗೆ ತಯಾರಕರು ಸಾಮಾನ್ಯವಾಗಿ 2,500 ವೋಲ್ಟ್ ಡಿಸಿ ಶಿಫಾರಸು ಮಾಡುತ್ತಾರೆ. 500 ವೋಲ್ಟ್‌ನಲ್ಲಿ ಸಣ್ಣ ಗಾಯಗಳು ಅಡಗಿಯೇ ಉಳಿಯುತ್ತವೆ. ಖನಿಜ ನಿರೋಧಕ ಕೇಬಲ್‌ಗೆ ಇದಕ್ಕಿಂತ ಕಡಿಮೆ ವೋಲ್ಟ್, ಅದರ ಕೈಪಿಡಿ ನೋಡಿ. ಎರಡು ವಿದ್ಯುತ್ ತಂತಿಗಳನ್ನು ಒಟ್ಟು ಸೇರಿಸಿ, ಕೇಬಲ್ ಸುತ್ತಲಿನ ಲೋಹದ ಹೆಣಿಗೆಗೆ ಎದುರಾಗಿ ಅಳೆಯಬೇಕು. ಅಳೆದ ಮೇಲೆ ಬೇರ್ಪಡಿಸಲು ಮರೆಯಬೇಡಿ. ಸಾಮಾನ್ಯವಾಗಿ 20 ಮೆಗಾಓಮ್‌ಗಿಂತ ಕಡಿಮೆ ಬಂದರೆ ವಿದ್ಯುತ್ ಕೊಡಬಾರದು.

ಅಂಕಿಗಿಂತ ಅದರ ಚಲನೆ ಹೆಚ್ಚು ತಿಳಿಸುತ್ತದೆ. ಕಳೆದ ವರ್ಷ 800 ಇದ್ದದ್ದು ಈ ವರ್ಷ 60ಕ್ಕೆ ಇಳಿದಿದ್ದರೆ ಅದು ತೇರ್ಗಡೆಯಾಗಿದೆ ಎಂದು ಸಹಿ ಹಾಕಿ ಮುಂದೆ ಹೋಗಬೇಡಿ, ತುದಿಗಳನ್ನು ತೆರೆದು ನೋಡಿ. ನನ್ನ ಅಭಿಪ್ರಾಯದಲ್ಲಿ ಇಲ್ಲಿನ ವಾರ್ಷಿಕ ಪರೀಕ್ಷೆಗೆ ತಕ್ಕ ಗಡುವು ಪತ್ತನಾಜೆ. ತುಳುವರ ಬೇಶ ತಿಂಗಳ ಹತ್ತನೆಯ ಆ ದಿನ ಮೇ 24ರ ಆಸುಪಾಸಿಗೆ ಬರುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಮ್ಮ ಪರೀಕ್ಷೆ, ತಗಡಿನ ದುರಸ್ತಿ ಎರಡೂ ಮುಗಿದಿರಬೇಕು. ಜುಲೈ–ಆಗಸ್ಟ್‌ನ ಆಟಿ ತಿಂಗಳ ಮಳೆಯಲ್ಲಿ ತಗಡು ಬಿಚ್ಚಿದರೆ ಸರಿಮಾಡಿದ್ದಕ್ಕಿಂತ ಕೆಡಿಸಿದ್ದೇ ಹೆಚ್ಚಾಗುತ್ತದೆ.

ಸ್ಫೋಟಕ ಅನಿಲ ಇರಬಹುದಾದ ವಲಯದಲ್ಲಿ ಏನು ಬೇರೆ?

ಬಹಳಷ್ಟು. ಅಲ್ಲಿ ಕಿಡಿಯಷ್ಟೇ ಅಲ್ಲ, ಕೇಬಲ್‌ನ ಮೇಲ್ಮೈ ಉಷ್ಣತೆಯೂ ಅಪಾಯ. ಟಿ3 ಎಂಬ ಉಷ್ಣತಾ ವರ್ಗದಲ್ಲಿ ಮೇಲ್ಮೈ 200 ಡಿಗ್ರಿ ಮೀರಬಾರದು, ಟಿ4ರಲ್ಲಿ 135. ಪೈಪ್ ಗರಿಷ್ಠ ಬಿಸಿಯಲ್ಲಿದ್ದು, ಮೇ ತಿಂಗಳ ಬಿಸಿಲಿದ್ದು, ವೋಲ್ಟೇಜ್ ಹೆಚ್ಚಿದ್ದಾಗಲೂ ಈ ಮಿತಿ ಉಳಿಯಬೇಕು. ಕೇಬಲ್, ಬಾಕ್ಸ್, ಗ್ಲ್ಯಾಂಡ್, ಎಂಡ್ ಸೀಲ್ ಒಟ್ಟಾಗಿ ಪ್ರಮಾಣೀಕೃತವಾಗಿರಬೇಕು. ಒಂದು ಕಂಪನಿಯ ಕೇಬಲ್‌ಗೆ ಇನ್ನೊಂದರ ಸೀಲ್ ಹಾಕಿದರೆ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. ಲೈನ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿದುಹಾಕುವ ಐಸೊಲೇಟರ್ ಬೇಕು. ಐಇಸಿ/ಐಇಇಇ 60079-30 ಎಂಬ ಅಂತರರಾಷ್ಟ್ರೀಯ ಮಾನದಂಡದ ಮೊದಲ ಭಾಗ ಪರೀಕ್ಷೆಗಳನ್ನೂ ಎರಡನೆಯದು ವಿನ್ಯಾಸ, ಅಳವಡಿಕೆ, ನಿರ್ವಹಣೆಯನ್ನೂ ಹೇಳುತ್ತದೆ. ಎರಡನೆಯ ಭಾಗವನ್ನು ಸೂಪರ್‌ವೈಸರ್ ಆದವರು ಒಮ್ಮೆಯಾದರೂ ಪೂರ್ತಿ ಓದಬೇಕು.

ಲೈನ್ ತೊಳೆಯಲು ಉಗಿ ಹಾಯಿಸುತ್ತೇವೆ. ಕೇಬಲ್ ತಾಳುತ್ತದೆಯೇ?

ಕೇಬಲ್‌ನ ತಾಳಿಕೆಯ ಮಿತಿ ಮತ್ತು ಉಗಿಯ ಉಷ್ಣತೆಯನ್ನು ಹೋಲಿಸಿ ನೋಡದೆ ಹಾಯಿಸಬೇಡಿ. ಕಡಿಮೆ ಉಷ್ಣತೆಯ ಸೆಲ್ಫ್ ರೆಗ್ಯುಲೇಟಿಂಗ್ ಕೇಬಲ್ 85 ಡಿಗ್ರಿಗೇ ಸೋಲುತ್ತದೆ, ಹೆಚ್ಚಿನ ದರ್ಜೆಯದು 200ಕ್ಕೂ ಮೇಲೆ ತಾಳುತ್ತದೆ. ಕೇಬಲ್ ಆಫ್ ಮಾಡಿದ್ದರೂ ಹಾನಿ ತಪ್ಪುವುದಿಲ್ಲ. ಸುಟ್ಟ ಪಾಲಿಮರ್ ಮುಂದೆ ಶಾಖ ಕೊಡದೆ ಸುಮ್ಮನಿರುತ್ತದೆ, ಅಥವಾ ಸೋರಿಕೆ ಶುರುಮಾಡುತ್ತದೆ. ಪ್ರಾಸೆಸ್ ವಿಭಾಗದವರು ಉಗಿ ಹಾಯಿಸುವ ಪರ್ಮಿಟ್‌ನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಸಹಿಗೂ ಜಾಗ ಇರಬೇಕು.

ಪೈಪ್‌ನಲ್ಲಿ ಗಂಧಕ ಅಥವಾ ಡಾಂಬರು ಗಟ್ಟಿಯಾಗಿಬಿಟ್ಟಿದೆ. ಟ್ರೇಸಿಂಗ್ ಆನ್ ಮಾಡಿ ಕರಗಿಸಬಹುದೇ?

ಇದರಲ್ಲಿ ಜೀವ ಹೋಗುವ ಅಪಾಯವಿದೆ, ನಿಧಾನವಾಗಿ ಓದಿ. ಕರಗಿದಾಗ ವಸ್ತು ಹಿಗ್ಗುತ್ತದೆ. ಎರಡೂ ಕಡೆ ಗಟ್ಟಿ ಬೆಣೆ ಉಳಿದು ಮಧ್ಯಭಾಗ ಮೊದಲು ಕರಗಿದರೆ ಹಿಗ್ಗಲು ಜಾಗವಿಲ್ಲದೆ ಒತ್ತಡ ಪೈಪ್ ಅಥವಾ ಫ್ಲ್ಯಾಂಜ್ ಒಡೆಯುವಷ್ಟು ಏರಬಲ್ಲದು. ಆದ್ದರಿಂದ ತೆರೆದ ತುದಿಯಿಂದ, ಟ್ಯಾಂಕ್ ಅಥವಾ ಡ್ರೈನ್ ಇರುವ ಕಡೆಯಿಂದ ಆರಂಭಿಸಿ ಹಂತ ಹಂತವಾಗಿ ಕರಗಿಸುತ್ತಾ ಬರಬೇಕು. ಇಡೀ ಲೈನಿಗೆ ಒಂದೇ ಸರ್ಕ್ಯೂಟ್ ಇದ್ದರೆ, ಶಾಖ ಎಲ್ಲೆಡೆ ಸಮವಾಗಿ ತಲುಪುತ್ತದೆ ಎಂದು ನಂಬಬೇಡಿ. ವಾಲ್ವ್ ಮತ್ತು ಸಪೋರ್ಟ್‌ಗಳ ಬಳಿ ಕೊನೆಗೆ ಕರಗುತ್ತದೆ, ಬೆಣೆ ಉಳಿಯುವುದು ಅಲ್ಲೇ. ಪೈಪ್‌ಗೆ ಗ್ಯಾಸ್ ಟಾರ್ಚ್ ಹಿಡಿಯುವ ಯೋಚನೆಯನ್ನೂ ಮಾಡಬೇಡಿ.

ದ್ರವ ತುಂಬಿದ ಲೈನ್‌ನ ಎರಡು ವಾಲ್ವ್ ಮುಚ್ಚಿ ಮಧ್ಯೆ ಟ್ರೇಸಿಂಗ್ ಆನ್ ಬಿಟ್ಟರೂ ಇದೇ ಆಗುತ್ತದೆ. ಅಂಥ ಭಾಗಕ್ಕೆ ಥರ್ಮಲ್ ರಿಲೀಫ್ ವಾಲ್ವ್ ಇದೆಯೇ ಎಂದು ನೋಡಿ. ಕರಗಿದ ಗಂಧಕದಿಂದ ಹೈಡ್ರೋಜನ್ ಸಲ್ಫೈಡ್ ಹೊರಬರುತ್ತದೆ ಎಂಬುದನ್ನೂ ಮರೆಯದೆ ಗ್ಯಾಸ್ ಡಿಟೆಕ್ಟರ್ ಧರಿಸಿಯೇ ಹೋಗಿ.

ರಾಕ್‌ವೂಲ್ ಬೆಂಕಿ ಹಿಡಿಯುವುದಿಲ್ಲವಲ್ಲ?

ರಾಕ್‌ವೂಲ್ ಉರಿಯುವುದಿಲ್ಲ. ಅದರಲ್ಲಿ ಹೀರಿಕೊಂಡ ಎಣ್ಣೆ ಉರಿಯುತ್ತದೆ. ನಾರಿನ ನಡುವೆ ಹರಡಿದ ಎಣ್ಣೆಗೆ ಗಾಳಿ ಧಾರಾಳವಾಗಿ ಸಿಗುತ್ತದೆ; ಆಕ್ಸಿಡೀಕರಣದಿಂದ ಹುಟ್ಟುವ ಶಾಖ ಹೊರಹೋಗಲು ದಾರಿಯಿಲ್ಲ. ಹೀಗಾಗಿ ಎಣ್ಣೆಯ ಸ್ವಯಂದಹನ ಉಷ್ಣತೆಗಿಂತ ಬಹಳ ಕೆಳಗೇ ಅದು ತಾನಾಗಿ ಹೊತ್ತಿಕೊಳ್ಳಬಲ್ಲದು. ಖಾದ್ಯ ತೈಲ ಘಟಕಗಳಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ, ಅಡುಗೆ ಎಣ್ಣೆ ತಾನೇ ಎಂದು. ಫ್ಲ್ಯಾಂಜ್, ಪಂಪ್ ಸೀಲ್‌ಗಳ ಬಳಿ ಹೀರದ ಸೆಲ್ಯುಲರ್ ಗ್ಲಾಸ್ ಬಳಸಿ. ಎಣ್ಣೆಯಲ್ಲಿ ನೆನೆದ ರಾಕ್‌ವೂಲ್ ತೆಗೆದುಹಾಕಿ; ಅದನ್ನೇ ಒಣಗಿಸಿ ಮತ್ತೆ ಹೊದಿಸಬೇಡಿ. ಹೊಗೆಯಾಡುತ್ತಿರುವ ಕಡೆ ತಗಡನ್ನು ಒಮ್ಮೆಲೇ ಕಿತ್ತರೆ ಗಾಳಿ ನುಗ್ಗಿ ಜ್ವಾಲೆ ಏಳಬಹುದು. ಅಗ್ನಿಶಾಮಕ ತಂಡ ಪಕ್ಕದಲ್ಲಿರಲಿ.

ಒಂದು ಥರ್ಮೋಸ್ಟಾಟ್ ಸಾಕೇ?

ಡಾಂಬರಿಗೆ ಸಾಕಾಗಬಹುದು. ಬಿಸಿಗೆ ವಿಘಟನೆಯಾಗುವ ರಾಸಾಯನಿಕಗಳಿಗೆ ಮತ್ತು ಅಪಾಯಕಾರಿ ವಲಯದಲ್ಲಿ ಉಷ್ಣತೆ ಮಿತಿಗೊಳಿಸಲೇಬೇಕಾದ ಕಡೆ ಸಾಲದು. ಅಲ್ಲಿ ನಿಯಂತ್ರಣಕ್ಕೆ ಒಂದು, ಅದರ ಹಂಗಿಲ್ಲದೆ ಪ್ರತ್ಯೇಕವಾಗಿ ಕಡಿದುಹಾಕುವ ಮತ್ತೊಂದು, ಕೈಯಿಂದಲೇ ಮರುಹೊಂದಿಸಬೇಕಾದದ್ದು. ಕಾಸ್ಟಿಕ್ ಸೋಡಾ ಲೈನ್‌ಗೆ ಹೆಚ್ಚು ಬಿಸಿ ಕೊಟ್ಟರೆ ಉಕ್ಕಿನ ವೆಲ್ಡಿಂಗ್ ಜಾಗಗಳು ಸೀಳುತ್ತವೆ ಎಂಬುದನ್ನು ಅನೇಕರು ಮರೆಯುತ್ತಾರೆ. ಸೆನ್ಸರ್ ಪೈಪ್‌ಗೆ ತಾಗಿರಲಿ, ಕೇಬಲ್‌ನಿಂದ ದೂರವಿರಲಿ.

ಇನ್ಸುಲೇಷನ್ ಕೆಲಸದವರಿಗೆ ಏನು ಹೇಳಬೇಕು?

ಆ ತಗಡಿನ ಕೆಳಗೆ 230 ವೋಲ್ಟ್ ಇದೆ ಎಂದು, ಅವರ ಭಾಷೆಯಲ್ಲಿ. ಎಚ್ಚರಿಕೆಯ ಫಲಕ ಇಂಗ್ಲಿಷಿನಲ್ಲಿ ಮಾತ್ರ ಇರುವ ಪೈಪ್ ಮೇಲೆ ಬಿಹಾರ, ಒಡಿಶಾದಿಂದ ಬಂದ ಹುಡುಗ ಗ್ರೈಂಡರ್ ಹಿಡಿದಿರುತ್ತಾನೆ. ಕನ್ನಡ, ಹಿಂದಿ ಎರಡರಲ್ಲೂ ಬರೆದು ಮಿಂಚಿನ ಚಿಹ್ನೆ ಹಾಕಿದ ಫಲಕ ಕೆಲವೇ ಮೀಟರ್‌ಗಳ ಅಂತರದಲ್ಲಿ, ಪೈಪ್‌ನ ಎರಡೂ ಬದಿಗೆ ಕಾಣುವಂತೆ ಇರಬೇಕು. ಬೆಳಗಿನ ಮಾತುಕತೆಯಲ್ಲಿ ತುಳುವಿನಲ್ಲಿಯೂ ಹೇಳಿ. ಪರ್ಮಿಟ್ ಕೊಡುವ ಮುನ್ನ ಸರ್ಕ್ಯೂಟ್ ಆಫ್ ಮಾಡಿ, ಬೀಗ ಹಾಕಿ, ಟ್ಯಾಗ್ ಕಟ್ಟಿ, ವೋಲ್ಟೇಜ್ ಇಲ್ಲವೆಂದು ಕೆಲಸಗಾರನ ಎದುರಿಗೇ ಪರೀಕ್ಷಿಸಿ ತೋರಿಸಿ. ಥರ್ಮೋಸ್ಟಾಟ್ ಕಡಿದಿದೆ ಎಂದ ಮಾತ್ರಕ್ಕೆ ಲೈನ್ ನಿರ್ಜೀವವಲ್ಲ. ಪೈಪ್ ತಣಿದ ಕೂಡಲೇ ಅದು ತಾನಾಗಿ ಆನ್ ಆಗುತ್ತದೆ.

ಶಾಕ್ ಹೊಡೆದರೆ?

ಮೊದಲು ವಿದ್ಯುತ್ ಕಡಿಯಿರಿ, ಆಮೇಲೆ ಮುಟ್ಟಿ. ಉಸಿರಿಲ್ಲದಿದ್ದರೆ ಕೂಡಲೇ ಸಿಪಿಆರ್ ಆರಂಭಿಸಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಎದ್ದು ಕುಳಿತು ‘ಏನೂ ಆಗಿಲ್ಲ’ ಎಂದರೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ.

ಕಾನೂನಿನಲ್ಲಿ ಯಾರಿಗೆ ಉತ್ತರಿಸಬೇಕು?

ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು ಇಡೀ ಅಳವಡಿಕೆಗೆ ಅನ್ವಯಿಸುತ್ತವೆ. ರಾಜ್ಯದಲ್ಲಿ ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ. ಕೆಲಸಗಾರರ ಸುರಕ್ಷತೆ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯ ವ್ಯಾಪ್ತಿ. ಪೆಟ್ರೋಲಿಯಂ ಇರುವ ಅಪಾಯಕಾರಿ ವಲಯದ ಉಪಕರಣಗಳಿಗೆ ನಾಗಪುರದಲ್ಲಿ ಪ್ರಧಾನ ಕಚೇರಿ ಇರುವ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ಅನುಮೋದನೆ ಬೇಕು.

ನಮ್ಮದು ಸಣ್ಣ ಘಟಕ. ಎಲ್ಲವನ್ನೂ ಒಮ್ಮೆಗೇ ಮಾಡಲು ಹಣವಿಲ್ಲ. ಎಲ್ಲಿಂದ ಆರಂಭಿಸಲಿ?

ಪ್ಯಾನೆಲ್ ತೆರೆದು ಪ್ರತಿ ಸರ್ಕ್ಯೂಟಿಗೂ 30 ಮಿಲಿ ಆಂಪಿಯರ್ ರಕ್ಷಣೆ ಇದೆಯೇ, ಯಾರಾದರೂ ಜಂಪರ್ ಹಾಕಿದ್ದಾರೆಯೇ ನೋಡಿ, ಟೆಸ್ಟ್ ಬಟನ್ ಒತ್ತಿ. ಕೇಬಲ್‌ನ ಲೋಹದ ಹೆಣಿಗೆ ಅರ್ಥ್‌ಗೆ ಸೇರಿದೆಯೇ ಪರೀಕ್ಷಿಸಿ. ಅದು ಸೇರಿಲ್ಲದಿದ್ದರೆ ಸೋರಿಕೆಯ ವಿದ್ಯುತ್ತಿಗೆ ಮರಳುವ ದಾರಿಯೇ ಇಲ್ಲದೆ ಆರ್‌ಸಿಸಿಬಿ ಬೀಳುವುದಿಲ್ಲ. ಇವೆರಡಕ್ಕೆ ಖರ್ಚು ಕಡಿಮೆ. ಆಮೇಲೆ ಎಲ್ಲ ಸರ್ಕ್ಯೂಟ್‌ಗಳನ್ನೂ ಮೆಗ್ಗರ್ ಮಾಡಿ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಅತಿ ಕೆಟ್ಟದ್ದರಿಂದ ದುರಸ್ತಿ ಶುರುಮಾಡಿ. ಯಾವ ಸರ್ಕ್ಯೂಟ್ ಯಾವ ಪೈಪ್‌ನದು ಎಂಬ ನಕ್ಷೆ ಇಲ್ಲದಿದ್ದರೆ, ಮಳೆ ಬರುವ ಮುನ್ನ ಒಬ್ಬ ಎಲೆಕ್ಟ್ರಿಷಿಯನ್ ಮತ್ತು ಒಬ್ಬ ತಗಡಿನ ಕೆಲಸದವನನ್ನು ಜತೆಯಾಗಿ ಕಳುಹಿಸಿ ಲೈನ್ ಉದ್ದಕ್ಕೂ ನಡೆದು ಬರೆಸಿ. ಎಂಡ್ ಸೀಲ್‌ಗಳು ಎಲ್ಲಿವೆ ಎಂಬುದನ್ನು ತಗಡಿನ ಹೊರಗೆ ಗುರುತು ಮಾಡಿಸಿ. ಮುಂದಿನ ಬಾರಿ ಟ್ರಿಪ್ ಆದಾಗ ಮೊದಲು ತೆರೆದು ನೋಡಬೇಕಾದ ಜಾಗಗಳು ಅವೇ.